ಮೂಗಿನಲ್ಲೋ ಕಿವಿಯಲ್ಲೋ ದುರ್ಮಾಂಸ: ದೋಷ ಎಲ್ಲಿದೆ ಅಂತ ಹುಡುಕುವ ಕ್ರಮ

"ಮೂಗಲ್ಲಿ ಮಾಂಸ ಬೆಳೆದಿದೆ ಡಾಕ್ಟ್ರೇ, ತೆಗೆದುಬಿಡಿ." ಇಎನ್‌ಟಿ ಒಪಿಡಿಯಲ್ಲಿ ಕೂತವರಿಗೆ ಈ ಮಾತು ಹೊಸದಲ್ಲ. ಹಾಗೆ ಹೇಳಿಕೊಂಡು ಬಂದವರಲ್ಲಿ ಅನೇಕರಿಗೆ ಮಾಂಸ ಬೆಳೆದಿರುವುದೇ ಇಲ್ಲ. ನಿಜವಾಗಿ ಬೆಳೆದವರಲ್ಲೂ ತೆಗೆದ ಮಾತ್ರಕ್ಕೆ ಕಥೆ ಮುಗಿಯುವುದು ಕೆಲವರಿಗಷ್ಟೇ. ಉಳಿದವರಿಗೆ ಅದು ಮತ್ತೆ ಬರುತ್ತದೆ. ಯಾಕೆಂದರೆ ಕಣ್ಣಿಗೆ ಬೀಳುವ ಗಂಟು ದೋಷದ ಕೊನೆಯ ಹಂತ. ದೋಷ ಶುರುವಾಗಿದ್ದು ಅದಕ್ಕೂ ಹಿಂದೆ, ಒಳಪೊರೆಯಲ್ಲಿ.

ಹಾಗಾಗಿ ಇಲ್ಲಿ ಹುಡುಕುವ ಕ್ರಮ ಹೀಗೆ: ಅದು ನಿಜಕ್ಕೂ ಪಾಲಿಪ್ಪಾ, ಅಂದರೆ ಒಳಪೊರೆ ಊದಿ ಇಳಿಬಿದ್ದ ಗಂಟಾ? ಒಂದು ಕಡೆ ಇದೆಯಾ, ಎರಡೂ ಕಡೆ ಇದೆಯಾ? ಬುಡ ಎಲ್ಲಿದೆ? ಒಳಪೊರೆ ಯಾಕೆ ಊದಿಕೊಂಡಿದೆ? ತೆಗೆಯಬೇಕಾ ಬೇಡವಾ ಅನ್ನುವುದು ಇಷ್ಟೆಲ್ಲ ಆದ ಮೇಲಿನ ಮಾತು. ಮನೆಯಲ್ಲಿ ನೋಡಿಕೊಳ್ಳಬಹುದಾದದ್ದನ್ನೂ, ಡಾಕ್ಟರೇ ನೋಡಬೇಕಾದದ್ದನ್ನೂ ಬೇರೆ ಬೇರೆಯಾಗಿಯೇ ಹೇಳುತ್ತೇನೆ.

ಮೊದಲು: ಅದು ಪಾಲಿಪ್ ಹೌದಾ?

ಕನ್ನಡಿ ಮುಂದೆ ನಿಂತು, ಮೊಬೈಲ್ ಟಾರ್ಚ್ ಹಾಕಿ, ಮೂಗಿನ ತುದಿ ಮೇಲಕ್ಕೆತ್ತಿ ನೋಡಿ. ಪಕ್ಕದ ಗೋಡೆಯಲ್ಲಿ ಕೆಂಪಗೆ, ಒದ್ದೆಯಾಗಿ, ಉಬ್ಬಿದ ಒಂದು ಮಾಂಸ ಕಾಣುತ್ತದೆ. ನನ್ನ ಮೂಗಿನಲ್ಲೂ ಅದಿದೆ, ಪಕ್ಕದ ಮನೆಯವರ ಮೂಗಿನಲ್ಲೂ ಇದೆ. ಅದು ಕೆಳಗಿನ ಟರ್ಬಿನೇಟ್. ಹುಟ್ಟಿದಾಗಿನಿಂದ ಅಲ್ಲೇ ಇದೆ. ಒಳಗೆ ಹೋಗುವ ಗಾಳಿಯನ್ನು ಬಿಸಿ ಮಾಡಿ, ತೇವ ಮಾಡಿ ಕಳಿಸುವುದು ಅದರ ಕೆಲಸ. ಧೂಳಿನ ಅಲರ್ಜಿ ಇದ್ದವರಿಗೆ ಅದು ಊದಿಕೊಂಡು ದಾರಿ ಕಟ್ಟುತ್ತದೆ. ಇದನ್ನೇ ನೋಡಿ ದುರ್ಮಾಂಸ ಅಂತ ಗಾಬರಿಯಾಗುವವರು ಜಾಸ್ತಿ.

ನಿಜವಾದ ಪಾಲಿಪ್ ಬೇರೆ ತರ ಇರುತ್ತದೆ. ಸಿಪ್ಪೆ ಸುಲಿದ ದ್ರಾಕ್ಷಿಯ ಹಾಗೆ ಬೂದು ಬಣ್ಣ, ನುಣುಪು, ಬೆಳಕು ಬಿಟ್ಟರೆ ಅರೆ ಪಾರದರ್ಶಕ. ಕ್ಲಿನಿಕ್ಕಿನಲ್ಲಿ ಮೊಂಡು ತುದಿಯ ತೆಳು ಕಡ್ಡಿಯಿಂದ ಅದನ್ನು ಮೆಲ್ಲಗೆ ಮುಟ್ಟಿ ನೋಡುತ್ತೇವೆ. ಟರ್ಬಿನೇಟಿಗೆ ತಾಗಿದರೆ ಎದುರಿಗೆ ಕೂತವರು ತಟ್ಟನೆ ತಲೆ ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ಕಣ್ಣಲ್ಲಿ ನೀರು ಬರುತ್ತದೆ. ಪಾಲಿಪ್ಪಿಗೆ ತಾಗಿದರೆ ಅವರಿಗೆ ಗೊತ್ತೇ ಆಗುವುದಿಲ್ಲ. "ಮುಟ್ಟಿದ್ರಾ?" ಅಂತ ಕೇಳುತ್ತಾರೆ. ಕಡ್ಡಿ ತಳ್ಳಿದತ್ತ ಗಂಟು ಅಲುಗುತ್ತದೆ, ರಕ್ತ ಬರುವುದಿಲ್ಲ, ಸುತ್ತಲೂ ಕಡ್ಡಿ ಆಡಿಸಬಹುದು. ಟರ್ಬಿನೇಟಾದರೆ ಪಕ್ಕದ ಗೋಡೆಗೆ ಅಂಟಿಕೊಂಡೇ ಇರುತ್ತದೆ, ಅದರ ಆಚೆಗೆ ಕಡ್ಡಿ ಹೋಗುವುದಿಲ್ಲ. ಇನ್ನೊಂದು ಗುರುತೂ ಇದೆ. ಮೂಗು ಬಿಡಿಸುವ ಔಷಧಿಯಲ್ಲಿ ಅದ್ದಿದ ಹತ್ತಿ ಇಟ್ಟು ಸ್ವಲ್ಪ ಹೊತ್ತು ಕಾದರೆ ಟರ್ಬಿನೇಟ್ ಕುಗ್ಗುತ್ತದೆ. ಪಾಲಿಪ್ ಇದ್ದಷ್ಟೇ ಇರುತ್ತದೆ.

ದಯವಿಟ್ಟು ಈ ಕಡ್ಡಿ ಪರೀಕ್ಷೆಯನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಮನೆಗೆ ಬೇರೆ ಮೂರು ಪರೀಕ್ಷೆ ಇವೆ.

ಒಂದು, ಕಟ್ಟುವುದು ಬದಲಾಗುತ್ತದೆಯಾ ಅಂತ ಗಮನಿಸಿ. ಬಲಕ್ಕೆ ಮಲಗಿದರೆ ಬಲ ಹೊಳ್ಳೆ, ಎಡಕ್ಕೆ ಹೊರಳಿದರೆ ಎಡ ಹೊಳ್ಳೆ ಕಟ್ಟಿದರೆ ಅದು ಟರ್ಬಿನೇಟಿನ ಊತ. ಆರೋಗ್ಯವಂತರಲ್ಲೂ ಕೆಲವು ಗಂಟೆಗಳಿಗೊಮ್ಮೆ ಒಂದು ಹೊಳ್ಳೆ ಸ್ವಲ್ಪ ಕಟ್ಟಿ ಇನ್ನೊಂದು ಬಿಡುತ್ತದೆ. ಅದು ಮೂಗಿನ ಸಹಜ ಚಕ್ರ, ಅದಕ್ಕೆ ಔಷಧಿ ಬೇಕಿಲ್ಲ. ಯಾವಾಗಲೂ ಒಂದೇ ಕಡೆ, ಚಿಕ್ಕಂದಿನಿಂದ ಇದ್ದಷ್ಟೇ ಇದ್ದರೆ ನಡುಗೋಡೆ ಸೊಟ್ಟ ಇರಬಹುದು. ತಿಂಗಳಿಂದ ತಿಂಗಳಿಗೆ ಜಾಸ್ತಿಯಾಗುತ್ತಾ ಹೋಗಿ, ಹಗಲು ರಾತ್ರಿ ಬಿಡದೆ ಕಟ್ಟಿಕೊಂಡೇ ಇದ್ದರೆ ಆಗ ಪಾಲಿಪ್ ಲೆಕ್ಕಕ್ಕೆ ಬರುತ್ತದೆ.

ಎರಡು, ಸ್ಟೀಲ್ ಚಮಚ. ತಣ್ಣಗಿನ ಚಮಚದ ಅಗಲದ ಭಾಗವನ್ನು ಮೂಗಿನ ಕೆಳಗೆ ಅಡ್ಡ ಹಿಡಿದು, ಬಾಯಿ ಮುಚ್ಚಿ ಉಸಿರು ಬಿಡಿ. ಎರಡು ಮಂಜಿನ ಕಲೆ ಮೂಡುತ್ತವೆ. ಒಂದು ದೊಡ್ಡದು ಒಂದು ಚಿಕ್ಕದು, ಅಥವಾ ಒಂದು ಇಲ್ಲವೇ ಇಲ್ಲ ಅಂದರೆ ಆ ಕಡೆ ದಾರಿ ಮುಚ್ಚಿದೆ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ನೋಡಿ. ಮೇಲೆ ಹೇಳಿದ ಚಕ್ರದಿಂದ ಒಂದು ಸಲ ನೋಡಿದ್ದು ಮೋಸ ಮಾಡಬಹುದು.

ಮೂರು, ವಾಸನೆ. ಇದು ಎಲ್ಲಕ್ಕಿಂತ ಮುಖ್ಯ. ಕಾಫಿ ಪುಡಿ ಡಬ್ಬಿ ತಗೊಳ್ಳಿ. ಕಣ್ಣು ಮುಚ್ಚಿ, ಒಂದು ಹೊಳ್ಳೆ ಒತ್ತಿ ಹಿಡಿದು ಇನ್ನೊಂದರಲ್ಲಿ ಮೂಸಿ. ಮಲ್ಲಿಗೆ, ಇಂಗು ಯಾವುದಾದರೂ ಆಗುತ್ತದೆ. ವಿಕ್ಸ್ ಮಾತ್ರ ಬೇಡ, ಅಮೃತಾಂಜನವೂ ಬೇಡ. ವಾಸನೆ ಪೂರ್ತಿ ಹೋದವರಿಗೂ ವಿಕ್ಸ್ "ಗೊತ್ತಾಗುತ್ತದೆ". ಆ ತಂಪು, ಆ ಖಾರ ತಿಳಿಯುವುದು ಮುಟ್ಟಿದ್ದನ್ನು ತಿಳಿಸುವ ನರದಿಂದ, ವಾಸನೆಯ ನರದಿಂದ ಅಲ್ಲ. ವಾಸನೆಯ ನರ ಇರುವುದು ಮೂಗಿನ ಮಾಳಿಗೆಯಲ್ಲಿ. ಪಾಲಿಪ್ ಬೆಳೆಯುವುದು ಅದರ ಹತ್ತಿರವೇ. ಹಾಗಾಗಿ ಮೂಗು ಪೂರ್ತಿ ಕಟ್ಟುವ ಮೊದಲೇ ವಾಸನೆ ಹೋಗಿಬಿಡುತ್ತದೆ. ಒಗ್ಗರಣೆ ಸೀದು ಹೋದದ್ದು ಮನೆಯವರಿಗೆಲ್ಲ ಗೊತ್ತಾಗಿ ನಿಮಗೊಬ್ಬರಿಗೇ ಗೊತ್ತಾಗಲಿಲ್ಲವಾ? ಸಾರು ಸಪ್ಪೆ ಅಂತ ಉಪ್ಪು, ಹುಳಿ ಮೇಲಿಂದ ಹಾಕಿಕೊಳ್ಳುತ್ತಿದ್ದೀರಾ? ಕಟ್ಟಿದ ಮೂಗಿನ ಜೊತೆ ಇದೂ ಸೇರಿದರೆ ಎಂಡೋಸ್ಕೋಪಿ (ತೆಳು ದುರ್ಬೀನು ಹಾಕಿ ಮೂಗಿನೊಳಗೆ ನೋಡುವುದು) ಮಾಡಿಸಿಕೊಳ್ಳಲು ಅಷ್ಟು ಸಾಕು. ನೋವು ಇಲ್ಲ ಅಂತ ಕಾಯಬೇಡಿ. ಪಾಲಿಪ್ ನೋಯುವುದಿಲ್ಲ.

ಒಳಪೊರೆಯಲ್ಲಿ ಆಗುವುದೇನು

ಮೂಗಿನ ಒಳಪೊರೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಅವು ಒಂದೇ ದಿಕ್ಕಿಗೆ ಬಡಿಯುತ್ತಾ, ಧೂಳು ಹಿಡಿದ ಸಿಂಬಳವನ್ನು ಗಂಟಲ ಕಡೆಗೆ ಸಾಗಿಸುತ್ತವೆ. ನಾವು ಅದನ್ನು ಗೊತ್ತಿಲ್ಲದೆ ನುಂಗುತ್ತಿರುತ್ತೇವೆ. ಮುಖದ ಮೂಳೆಗಳೊಳಗೆ ಗಾಳಿ ತುಂಬಿದ ಟೊಳ್ಳುಗಳಿವೆ, ಅವೇ ಸೈನಸ್ಸುಗಳು. ಎರಡು ಕಣ್ಣಿನ ನಡುವೆ ಎತ್ಮಾಯ್ಡ್ ಅನ್ನುವ ಸೈನಸ್ ಇದೆ. ಸಣ್ಣ ಸಣ್ಣ ಕೋಣೆಗಳು, ಅವುಗಳಿಗೆ ಇನ್ನೂ ಸಣ್ಣ ಬಾಗಿಲು. ಈ ಬಾಗಿಲುಗಳಲ್ಲಿ ಬಹಳಷ್ಟು ತೆರೆಯುವುದು ಮಧ್ಯದ ಟರ್ಬಿನೇಟಿನ ಕೆಳಗಿನ ಕಿರಿದಾದ ಸಂದಿನಲ್ಲಿ. ಪಾಲಿಪ್ ಹುಟ್ಟುವ ಜಾಗ ಇದೇ.

ವೈರಸ್ಸು, ಧೂಳು, ಬೂಷ್ಟಿನ ಕಣ, ಬ್ಯಾಕ್ಟೀರಿಯಾದ ವಿಷ ಇವೆಲ್ಲ ಒಳಪೊರೆಯ ಮೇಲ್ಪದರಕ್ಕೆ ಪೆಟ್ಟು ಕೊಡುತ್ತವೆ. ಸಾಮಾನ್ಯವಾಗಿ ಅದು ವಾಸಿಯಾಗುತ್ತದೆ. ಕೆಲವರಲ್ಲಿ ಮಾತ್ರ ಪೆಟ್ಟು ತಿಂದ ಕೋಶಗಳು ಅಪಾಯದ ಸಂಕೇತ ಕಳಿಸುತ್ತಲೇ ಇರುತ್ತವೆ. ಅದಕ್ಕೆ ಓಗೊಟ್ಟು ಇಂಟರ್‌ಲ್ಯೂಕಿನ್-4, 5, 13 ಅನ್ನುವ ರಾಸಾಯನಿಕಗಳು ಹೊರಬರುತ್ತವೆ. 5 ಅನ್ನುವುದು ರಕ್ತದಿಂದ ಇಯೋಸಿನೋಫಿಲ್ ಅನ್ನುವ ಬಿಳಿ ರಕ್ತಕಣಗಳನ್ನು ಕರೆಸಿಕೊಂಡು ಅಲ್ಲೇ ಉಳಿಸಿಕೊಳ್ಳುತ್ತದೆ. ಉಳಿದೆರಡು ಸಿಂಬಳ ಹೆಚ್ಚಿಸುತ್ತವೆ, ಅಲರ್ಜಿಯ ಪ್ರತಿಕಾಯವಾದ ಐಜಿಇ ಹೆಚ್ಚಿಸುತ್ತವೆ. ರಕ್ತನಾಳಗಳು ಸೋರಲು ಶುರುವಾಗುತ್ತವೆ.

ಸೋರಿದ್ದು ಬರೀ ನೀರಲ್ಲ, ರಕ್ತದ ಪ್ಲಾಸ್ಮಾ. ಅದರಲ್ಲಿ ಗಾಯ ಹೆಪ್ಪುಗಟ್ಟಿಸುವ ವಸ್ತುಗಳೂ ಇರುತ್ತವೆ. ಒಳಪೊರೆಯ ಒಳಗೇ ಫೈಬ್ರಿನ್ ಎಳೆಗಳ ಬಲೆ ಕಟ್ಟಿಕೊಳ್ಳುತ್ತದೆ. ಆರೋಗ್ಯದ ಮೂಗಿನಲ್ಲಿ ಈ ಬಲೆಯನ್ನು ಕರಗಿಸುವ ವ್ಯವಸ್ಥೆ ಇದೆ. ಪಾಲಿಪ್ ಇರುವವರಲ್ಲಿ ಕರಗಿಸುವ ಆ ಕಿಣ್ವ ಕಡಿಮೆ, ಬಲೆಯನ್ನು ಬಿಗಿ ಮಾಡುವ ಅಂಶ ಜಾಸ್ತಿ. ಹಾಗಾಗಿ ನೀರು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಊದಿದ ಜಾಗ ತನ್ನದೇ ಭಾರಕ್ಕೆ ಕೆಳಗೆ ಜಗ್ಗುತ್ತದೆ, ಒಂದು ತೊಟ್ಟು ಬಿಟ್ಟುಕೊಂಡು ಸಂದಿನಿಂದ ಹೊರಗೆ ಇಳಿಯುತ್ತದೆ. ಅದರೊಳಗೆ ರಕ್ತನಾಳ ಕಡಿಮೆ, ಹಾಗಾಗಿ ಬಣ್ಣ ಬೂದು. ನರ ಇಲ್ಲದಷ್ಟು ಕಡಿಮೆ, ಹಾಗಾಗಿ ಮುಟ್ಟಿದರೆ ತಿಳಿಯದು. ಕಡ್ಡಿ ಪರೀಕ್ಷೆಯಲ್ಲಿ ಕಂಡದ್ದಕ್ಕೆ ಕಾರಣ ಇಷ್ಟೇ.

ಇಳಿದ ಗಂಟು ಸೈನಸ್ಸಿನ ಬಾಗಿಲು ಮುಚ್ಚುತ್ತದೆ. ಒಳಗೆ ಕಫ ನಿಂತು ಸೋಂಕಾಗುತ್ತದೆ. ಸೋಂಕಿನಿಂದ ಊತ ಇನ್ನೂ ಜಾಸ್ತಿಯಾಗುತ್ತದೆ. ಪಾಲಿಪ್ ಇರುವ ಎಷ್ಟೋ ಜನರ ಮೂಗಿನಲ್ಲಿ ಸ್ಟೆಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾ ಮನೆ ಮಾಡಿರುತ್ತದೆ. ಅದರ ವಿಷವೇ ಈ ಬೆಂಕಿಗೆ ತುಪ್ಪ ಸುರಿಯುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಅಲರ್ಜಿ ಇದ್ದವರಿಗೆಲ್ಲ ಪಾಲಿಪ್ ಬರುವುದಿಲ್ಲ. ಬೆಳಗ್ಗೆ ಎದ್ದು ಸಾಲಾಗಿ ಸೀನುವವರಲ್ಲಿ ಬಹುಪಾಲು ಜನ ಜೀವಮಾನದಲ್ಲಿ ಪಾಲಿಪ್ ಕಾಣುವುದೇ ಇಲ್ಲ. ಅಲರ್ಜಿ ಪರೀಕ್ಷೆಗೆ ಸಾವಿರಾರು ರೂಪಾಯಿ ಸುರಿದು, ಪಟ್ಟಿಯಲ್ಲಿ ಬಂದದ್ದೆಲ್ಲ ತಿನ್ನುವುದು ಬಿಟ್ಟರೂ ಪಾಲಿಪ್ ಕರಗುವುದಿಲ್ಲ.

ಒಂದೇ ಕಡೆ ಇದ್ದರೆ: ಅನುಮಾನದಿಂದ ಶುರು ಮಾಡಿ

ಮೇಲೆ ಹೇಳಿದ ಊತದ ಪಾಲಿಪ್ ಸಾಮಾನ್ಯವಾಗಿ ಎರಡೂ ಕಡೆ ಬರುತ್ತದೆ. ಒಂದೇ ಕಡೆ ಗಂಟು ಇದೆ ಅಂದರೆ ಬೇರೆ ಏನೋ ಇರಬಹುದು ಅಂತಲೇ ಹೊರಡಬೇಕು. ಈ ಇಡೀ ಬರಹದಲ್ಲಿ ಒಂದೇ ಸಾಲು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಹದಿಹರೆಯದವರು, ಒಂದು ಕಡೆ ಕಟ್ಟಿದೆ, ಉಸಿರು ಎಳೆಯುವುದಕ್ಕಿಂತ ಬಿಡುವುದು ಕಷ್ಟ, ಬಾಯಿ ತೆರೆದರೆ ಕಿರುನಾಲಿಗೆಯ ಹಿಂದೆ ಏನೋ ಜೋತಾಡುತ್ತದೆ: ಇದು ಆಂಟ್ರೊಕೊಯನಲ್ ಪಾಲಿಪ್. 1906ರಲ್ಲಿ ಜರ್ಮನಿಯ ಗುಸ್ತಾವ್ ಕಿಲಿಯನ್ ವಿವರಿಸಿದ್ದು. ಕೆನ್ನೆಯ ಸೈನಸ್ಸಿನಲ್ಲಿ ಹುಟ್ಟಿ, ಬಾಗಿಲು ದಾಟಿ, ಹಿಂದಕ್ಕೆ ಗಂಟಲ ಕಡೆಗೆ ಬೆಳೆಯುತ್ತದೆ. ಇದಕ್ಕೆ ಸ್ಪ್ರೇ ಹಾಕಿ ಕಾಯುವುದು ಸುಮ್ನೆ ಕಾಲಹರಣ. ಆಪರೇಷನ್ನೇ ಆಗಬೇಕು. ಕೆನ್ನೆಯೊಳಗಿನ ಬುಡ ಬಿಟ್ಟು ಹೊರಗಿನ ಭಾಗ ಮಾತ್ರ ಕಿತ್ತರೆ ಮತ್ತೆ ಬರುತ್ತದೆ. ಬುಡ ಸಮೇತ ಹೋದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು.

ಪುಟ್ಟ ಮಗು, ಒಂದೇ ಹೊಳ್ಳೆಯಿಂದ ನಾರುವ ಸಿಂಬಳ: ಪಾಲಿಪ್ ಅಂತ ಯೋಚಿಸಬೇಡಿ, ಏನಾದರೂ ತೂರಿಕೊಂಡಿದೆಯಾ ನೋಡಿ. ಕಡಲೆಕಾಳು, ಮಣಿ, ಬಳಪದ ಚೂರು, ರಬ್ಬರು. ಆಟದ ಸಾಮಾನಿನ ಬಟನ್ ಬ್ಯಾಟರಿ ಅಂತ ಸಂಶಯ ಬಂದರೆ ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಓಡಿ. ಕೆಲವೇ ಗಂಟೆಗಳಲ್ಲಿ ಅದು ನಡುಗೋಡೆಯನ್ನು ಸುಟ್ಟು ತೂತು ಮಾಡಬಲ್ಲದು. ಹಸುಗೂಸಿನ ಮೂಗಿನಲ್ಲಿ ಗಂಟು ಕಂಡು, ಅತ್ತಾಗ ಅದು ಉಬ್ಬಿದರೆ ಯಾರೂ ಮುಟ್ಟಕೂಡದು. ಮೆದುಳಿನ ಪೊರೆ ಕೆಳಗಿಳಿದಿರಬಹುದು. ಸ್ಕ್ಯಾನ್ ಆಗುವ ತನಕ ಚೂರು ತೆಗೆದು ಪರೀಕ್ಷೆಗೂ ಕಳಿಸಬಾರದು.

ಹದಿಹರೆಯದ ಹುಡುಗ, ಒಂದು ಕಡೆ ಕಟ್ಟಿದೆ, ಆಗಾಗ ಧಾರಾಳವಾಗಿ ಮೂಗಿನಲ್ಲಿ ರಕ್ತ ಬರುತ್ತದೆ: ಆಂಜಿಯೋಫೈಬ್ರೋಮಾ ಅನ್ನುವ ರಕ್ತನಾಳಗಳ ಗಡ್ಡೆ ಇರಬಹುದು. ಪಾಲಿಪ್ ಅಂತ ಒಪಿಡಿಯಲ್ಲೇ ಕೈ ಹಾಕಿದರೆ ರಕ್ತ ನಿಲ್ಲಿಸುವುದು ಕಷ್ಟವಾಗುತ್ತದೆ.

ನಮ್ಮ ದಕ್ಷಿಣ ಭಾರತಕ್ಕೂ ಶ್ರೀಲಂಕಾಕ್ಕೂ ಹತ್ತಿರದ ಒಂದು ರೋಗ ಇದೆ, ರೈನೊಸ್ಪೊರಿಡಿಯೋಸಿಸ್. ಕೆರೆ, ಹೊಂಡದ ನಿಂತ ನೀರಿನಲ್ಲಿ ಮುಳುಗುವವರಿಗೆ, ಅಲ್ಲಿ ದನದ ಮೈ ತೊಳೆಯುವವರಿಗೆ ಬರುವುದು ಹೆಚ್ಚು. ಗಂಟು ಬೂದಲ್ಲ, ಗಾಢ ಕೆಂಪು. ಮೇಲ್ಮೈ ಒರಟು, ಅದರ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕಿಗಳು. ಮುಟ್ಟಿದರೆ ರಕ್ತ. ತೆಗೆದ ಮೇಲೆ ಬುಡವನ್ನು ಸುಡಬೇಕು. ಇಲ್ಲದಿದ್ದರೆ ಮರಳಿ ಬರುತ್ತದೆ. ಹಾಗಾಗಿ "ಕೆರೆಗೆ ಈಜಲು ಹೋಗ್ತೀಯಾ?" ಅನ್ನುವುದು ಹಳ್ಳಿಯಿಂದ ಬಂದ ಹುಡುಗನಿಗೆ ಕೇಳಲೇಬೇಕಾದ ಪ್ರಶ್ನೆ.

ನಲವತ್ತು ದಾಟಿದವರಲ್ಲಿ ಒಂದೇ ಕಡೆ ಗಂಟು ಬಂದರೆ ಇನ್ವರ್ಟೆಡ್ ಪ್ಯಾಪಿಲೋಮಾ ಅನ್ನುವ ಗಡ್ಡೆ ಮನಸ್ಸಿನಲ್ಲಿರಬೇಕು. ಅದು ಕ್ಯಾನ್ಸರ್ ಅಲ್ಲ, ಆದರೆ ಮೂಳೆ ಕೊರೆಯುತ್ತದೆ, ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ. ಕಣ್ಣಿಗೆ ಸಾಮಾನ್ಯ ಪಾಲಿಪ್ಪಿನ ಹಾಗೇ ಕಾಣಬಹುದು. ರಕ್ತ ಮಿಶ್ರಿತ ಸಿಂಬಳ, ಕೆನ್ನೆ ಜೋಮು, ಸಡಿಲವಾದ ಮೇಲಿನ ಹಲ್ಲು, ಮುಂದಕ್ಕೆ ಬಂದ ಕಣ್ಣು ಇವು ಕ್ಯಾನ್ಸರಿನ ಕಡೆ ಬೆರಳು ಮಾಡುತ್ತವೆ. ವರ್ಷಗಟ್ಟಲೆ ಗಟ್ಟಿ ಮರದ ಧೂಳಿನಲ್ಲಿ ಕೆಲಸ ಮಾಡಿದ ಬಡಗಿಗಳಿಗೆ ಎತ್ಮಾಯ್ಡ್ ಸೈನಸ್ಸಿನ ಒಂದು ಬಗೆಯ ಕ್ಯಾನ್ಸರ್ ಬರುವುದು ಜಾಸ್ತಿ ಅಂತ ಗೊತ್ತಿದೆ. ಕಸುಬು ಏನು ಅಂತ ಕೇಳುವುದು ಸುಮ್ನೆ ಮಾತಿಗಲ್ಲ.

ಒಂದು ಕಡೆ ಕೊಳೆತ ವಾಸನೆ, ಅದು ನಿಮಗೇ ಬರುತ್ತದೆ ಅಂದರೆ ಮೇಲಿನ ದವಡೆ ಹಲ್ಲಿನ ಬೇರು ನೋಡಿಸಿ, ಸೋಂಕು ಅಲ್ಲಿಂದ ಕೆನ್ನೆಯ ಸೈನಸ್ಸಿಗೆ ಏರಿರಬಹುದು.

ಎರಡೂ ಕಡೆ ಇದ್ದರೆ

ಇಲ್ಲಿ ಮೊದಲ ಪ್ರಶ್ನೆ ಮೂಗಿನದ್ದಲ್ಲ, ಎದೆಯದ್ದು. ದಮ್ಮು ಇದೆಯಾ? ರಾತ್ರಿ ಕೆಮ್ಮು, ಎದೆಯಲ್ಲಿ ಸಿಳ್ಳೆ? ಮೂಗು ಮತ್ತು ಶ್ವಾಸಕೋಶದ ಒಳಪೊರೆ ಒಂದೇ ಹಾದಿಯ ಎರಡು ತುದಿ. ಒಂದರಲ್ಲಿ ಈ ಬಗೆಯ ಊತ ಇದ್ದರೆ ಇನ್ನೊಂದರಲ್ಲಿ ಹುಡುಕಬೇಕು. ಮೂಗು ಹಿಡಿತಕ್ಕೆ ಬಂದರೆ ಎಷ್ಟೋ ಜನರ ದಮ್ಮೂ ಇಳಿಯುತ್ತದೆ.

ಎರಡನೆಯದು: ನೋವಿನ ಮಾತ್ರೆ ನುಂಗಿದ ಮೇಲೆ ಯಾವತ್ತಾದರೂ ಉಸಿರು ಕಟ್ಟಿದೆಯಾ? ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್. ನುಂಗಿ ಒಂದೆರಡು ಗಂಟೆಯೊಳಗೆ ಮೂಗು ಸುರಿದು, ಮುಖ ಕೆಂಪಾಗಿ, ಎದೆ ಬಿಗಿದರೆ ಅದು ಕಾಕತಾಳೀಯ ಅಲ್ಲ. ದಮ್ಮು, ಪಾಲಿಪ್, ಆಸ್ಪಿರಿನ್ ಆಗದಿರುವುದು, ಈ ಮೂರೂ ಒಟ್ಟಿಗೆ ಬರುತ್ತವೆ ಅಂತ ಫ್ರಾನ್ಸಿನ ಫೆರ್ನಾಂಡ್ ವಿದಾಲ್ 1922ರಲ್ಲೇ ಬರೆದಿದ್ದರು. 1968ರಲ್ಲಿ ಅಮೆರಿಕದ ಮ್ಯಾಕ್ಸ್ ಸ್ಯಾಮ್ಟರ್ ಮತ್ತು ರೋಲಂಡ್ ಬಿಯರ್ಸ್ ಅದನ್ನು ವಿವರವಾಗಿ ತೋರಿಸಿದರು. ಇಂಥವರಲ್ಲಿ ಅನೇಕರಿಗೆ ಒಂದು ಪೆಗ್ಗಿಗೂ ಮೂಗು ಕಟ್ಟುತ್ತದೆ. ಇವರ ಪಾಲಿಪ್ ಹಠಮಾರಿ, ಆಪರೇಷನ್ ಆದ ಮೇಲೂ ಬೇಗ ಮರಳುತ್ತದೆ. ಮಂಡಿನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಮಾತ್ರೆ ಇವರಿಗೆ ಪ್ರಾಣಕ್ಕೇ ಕುತ್ತಾಗಬಹುದು. ಪರೀಕ್ಷೆ ಮಾಡೋಣ ಅಂತ ಮನೆಯಲ್ಲಿ ನುಂಗಿ ನೋಡಬೇಡಿ.

ವಯಸ್ಸು ಚಿಕ್ಕದು, ಸಿಂಬಳ ದಪ್ಪ, ಕಂದು, ರಬ್ಬರಿನಷ್ಟು ಅಂಟು, ಸಿಟಿ ಸ್ಕ್ಯಾನಿನಲ್ಲಿ ಸೈನಸ್ ತುಂಬಾ ಬಿಳಿ ಮಚ್ಚೆ: ಅಲರ್ಜಿಕ್ ಫಂಗಲ್ ಸೈನುಸೈಟಿಸ್, ಅಂದರೆ ಫಂಗಸ್ಸಿನ ಅಲರ್ಜಿಯಿಂದ ಸೈನಸ್ ಊದುವುದು, ಇರಬಹುದು. ಬಿಸಿ ಮತ್ತು ತೇವದ ಹವೆಯ ಊರುಗಳಲ್ಲಿ ಇದು ಹೆಚ್ಚು. ಫಂಗಸ್ ಅಂದಕೂಡಲೇ 2021ರ ಬ್ಲ್ಯಾಕ್ ಫಂಗಸ್ ನೆನಪಾಗಿ ಹೆದರುವವರಿದ್ದಾರೆ. ಇದು ಅದಲ್ಲ. ಇದು ತಿಂಗಳುಗಟ್ಟಲೆ ನಿಧಾನವಾಗಿ ಬೆಳೆಯುವುದು. ಆ ಕಾಯಿಲೆ ದಿನಗಳಲ್ಲಿ ಏರುತ್ತದೆ: ಸಕ್ಕರೆ ಕಾಯಿಲೆ ಹಿಡಿತ ತಪ್ಪಿದವರಲ್ಲಿ ಮುಖನೋವು, ಕೆನ್ನೆ ಜೋಮು, ಮೂಗಿನಲ್ಲಿ ಕಪ್ಪು ಹೊಪ್ಪಳೆ. ಅದು ಕಂಡರೆ ಅವತ್ತೇ ಆಸ್ಪತ್ರೆ.

ಮಕ್ಕಳಲ್ಲಿ ಎರಡೂ ಕಡೆ ಪಾಲಿಪ್ ಅಪರೂಪ. ಬಂದರೆ ಸಿಸ್ಟಿಕ್ ಫೈಬ್ರೋಸಿಸ್ (ಕಫ ಗಟ್ಟಿಯಾಗುವ ಆನುವಂಶಿಕ ಕಾಯಿಲೆ) ಪರೀಕ್ಷೆ ಮಾಡಿಸಬೇಕು.

ಡ್ರಾಪ್ಸ್ ಎಂಬ ಬಲೆ

ಝೈಲೋಮೆಟಾಜೊಲಿನ್, ಆಕ್ಸಿಮೆಟಾಜೊಲಿನ್ ಇರುವ ಮೂಗಿನ ಹನಿಗಳು ಎರಡು ನಿಮಿಷದಲ್ಲಿ ಮೂಗು ಬಿಡಿಸುತ್ತವೆ. ಐದು ದಿನ ದಾಟಿದರೆ ತಿರುಗಿ ಬೀಳುತ್ತವೆ. ಔಷಧಿಯ ಪ್ರಭಾವ ಇಳಿದ ಕೂಡಲೇ ಟರ್ಬಿನೇಟ್ ಮೊದಲಿಗಿಂತ ಜಾಸ್ತಿ ಊದುತ್ತದೆ, ಮತ್ತೆ ಎರಡು ಹನಿ ಬೇಕಾಗುತ್ತದೆ. ದಿಂಬಿನ ಕೆಳಗೆ ಬಾಟಲಿ ಇಲ್ಲದೆ ಮಲಗಲಾಗದವರು ಬೇಕಾದಷ್ಟಿದ್ದಾರೆ. ಇವರ ಮೂಗು ಎರಡೂ ಕಡೆ ಕಟ್ಟಿರುತ್ತದೆ, ಆದರೆ ಒಳಗೆ ಪಾಲಿಪ್ ಇರುವುದಿಲ್ಲ. ಹನಿ ಹಾಕಿದಾಗ ಪೂರ್ತಿ ಬಿಡುತ್ತದಾ? ಹಾಗಾದರೆ ದೋಷ ಬಾಟಲಿಯಲ್ಲೇ ಇರಬಹುದು. ಹಾಕಿದರೂ ಬಿಡುವುದಿಲ್ಲ ಅಂದರೆ ಪಾಲಿಪ್ಪೋ ಸೊಟ್ಟ ಗೋಡೆಯೋ ಇದ್ದೀತು.

ಕಿವಿ: ಹೆಸರು ಒಂದೇ, ದೋಷ ಬೇರೆ

ಮಧ್ಯಕಿವಿಗೂ ಮೂಗಿಗೂ ಒಂದೇ ಒಳಪೊರೆ. ಯೂಸ್ಟೇಷಿಯನ್ ನಳಿಕೆ ಅದನ್ನು ಮೂಗಿನ ಹಿಂಭಾಗದಿಂದ ಕಿವಿಗೆ ಮುಟ್ಟಿಸುತ್ತದೆ. ದೊಡ್ಡವರಲ್ಲಿ ಅದರ ಉದ್ದ ಸುಮಾರು 36 ಮಿಲಿಮೀಟರ್. ಮಕ್ಕಳಲ್ಲಿ ಇನ್ನೂ ಗಿಡ್ಡ, ಹೆಚ್ಚು ಅಡ್ಡ. ಹಾಗಾಗಿ ನೆಗಡಿಯಾದ ಮಗುವಿಗೆ ರಾತ್ರಿ ಕಿವಿನೋವು ಬರುವುದು. ಸುಶ್ರುತ ಸಂಹಿತೆಯಲ್ಲೂ ಮೂಗಿನ ಅರ್ಶ (ಮಾಂಸದ ಮೊಳಕೆ), ಕಿವಿಯ ಅರ್ಶ ಒಂದೇ ಸಾಲಿನಲ್ಲಿ ಬರುತ್ತವೆ.

ಆದರೆ ಕಿವಿಯ ಪಾಲಿಪ್ ಬೂದು ನೀರಿನ ಗಂಟಲ್ಲ. ಹಳೆಯ ಸೋಂಕು ಒಳಪೊರೆಯನ್ನು ಕೆರಳಿಸಿ ಬೆಳೆಸಿದ ಕೆಂಪು ಮಾಂಸ ಅದು. ಕಿವಿ ತಮಟೆಯಲ್ಲಿ ತೂತಿದೆ, ತಿಂಗಳುಗಟ್ಟಲೆ ಸೋರುತ್ತದೆ, ಗಾಯ ಮಾಯಬೇಕು ಅಂತ ದೇಹ ಹೊಸ ರಕ್ತನಾಳ, ಹೊಸ ಮಾಂಸ ಕಟ್ಟುತ್ತಲೇ ಹೋಗುತ್ತದೆ. ಸೋಂಕು ನಿಲ್ಲದ್ದರಿಂದ ಕಟ್ಟುವುದೂ ನಿಲ್ಲುವುದಿಲ್ಲ. ಆ ಮಾಂಸ ತೂತಿನಿಂದ ಹೊರಗೆ ಬಂದು ಕಿವಿ ಕಾಲುವೆಯಲ್ಲಿ ಕೂರುತ್ತದೆ. ಮುಟ್ಟಿದರೆ ರಕ್ತ. ರೋಗಿ ಹೇಳುವುದು ಹೀಗೆ: "ಕಿವಿ ಮೊದಲಿಂದಲೂ ಸೋರ್ತಿತ್ತು, ಈಗ ಬಡ್ಸ್ ಹಾಕಿದ್ರೆ ರಕ್ತ ಬರ್ತಿದೆ."

ಇಲ್ಲಿ ಕೇಳಬೇಕಾದ್ದು ಸೋರುವಿಕೆಯ ಗುಣ. ತುಂಬಾ ಸೋರುತ್ತದೆ, ಎಳೆಎಳೆಯಾಗಿ ಬರುತ್ತದೆ, ವಾಸನೆ ಇಲ್ಲ, ನೆಗಡಿ ಬಂದಾಗ ಜಾಸ್ತಿ ಅಂದರೆ ತಮಟೆಯ ನಡುವೆ ತೂತು, ಸ್ವಲ್ಪ ಸಮಾಧಾನ. ಕಡಿಮೆ ಸೋರುತ್ತದೆ, ಆದರೆ ನಿಲ್ಲುವುದಿಲ್ಲ, ಪಕ್ಕದಲ್ಲಿ ಕೂತವರಿಗೂ ನಾರುತ್ತದೆ, ಜೊತೆಗೆ ಪಾಲಿಪ್ ಇದೆ ಅಂದರೆ ಅದರ ಹಿಂದೆ ಕೊಲೆಸ್ಟಿಯಾಟೋಮಾ ಅಡಗಿರಬಹುದು. ಮಧ್ಯಕಿವಿಯೊಳಗೆ ಚರ್ಮ ಸೇರಿಕೊಂಡು, ಉದುರಿದ ಪದರಗಳು ಒಟ್ಟುಗೂಡಿ, ಸುತ್ತಲಿನ ಮೂಳೆ ತಿನ್ನುವ ಸ್ಥಿತಿ ಇದು. ಕೇಳಿಸುವ ಪುಟ್ಟ ಮೂಳೆಗಳು, ಮುಖದ ನರದ ಕವಚ, ಮೆದುಳಿನ ಕೆಳಗಿನ ತೆಳು ಹಲಗೆ ಯಾವುದನ್ನೂ ಅದು ಬಿಡುವುದಿಲ್ಲ.

ಹಾಗಾಗಿ ಕಿವಿಯ ಪಾಲಿಪ್ಪನ್ನು ಇಕ್ಕಳದಲ್ಲಿ ಹಿಡಿದು ಎಳೆಯುವುದು ನಿಷಿದ್ಧ. ಅದರ ಬುಡ ಮುಖದ ನರಕ್ಕೋ ಒಳಕಿವಿಯ ಬಾಗಿಲಲ್ಲಿರುವ ರಿಕಾಪು ಮೂಳೆಗೋ ಅಂಟಿಕೊಂಡಿರಬಹುದು. ಎಳೆದರೆ ಬಾಯಿ ಸೊಟ್ಟಗಾಗಬಹುದು, ಕಿವಿ ಪೂರ್ತಿ ಕೆಪ್ಪಾಗಬಹುದು. ಜಾತ್ರೆಯಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಕಿವಿ ಶುಚಿ ಮಾಡುವವರ ಕೈಗೆ ಇಂಥ ಕಿವಿ ಕೊಡಬೇಡಿ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯೂ ಬೇಡ. ತೂತಿದ್ದರೆ ಅದು ನೇರ ಮಧ್ಯಕಿವಿಗೆ ಇಳಿಯುತ್ತದೆ.

ಕೆಂಪು ಗಂಟು ನಾಡಿಯ ಜೊತೆ ಮಿಡಿಯುತ್ತಿದ್ದರೆ, ಕಿವಿಯಲ್ಲಿ ಎದೆಬಡಿತ ಕೇಳಿಸುತ್ತಿದ್ದರೆ ಅದು ರಕ್ತನಾಳದ ಗಡ್ಡೆ ಇರಬಹುದು. ಚೂರು ಕತ್ತರಿಸುವ ಮೊದಲು ಸ್ಕ್ಯಾನ್.

ಇನ್ನೊಂದು ಬಗೆ ಇದೆ, ಸುಲಭವಾಗಿ ತಪ್ಪಿಹೋಗುವುದು. ವಯಸ್ಕರು, ದಮ್ಮು ಇದೆ, ಮೂಗಿನಲ್ಲಿ ಪಾಲಿಪ್ ಇದೆ, ಈಗ ಎರಡೂ ಕಿವಿಯಿಂದ ಗೋಂದಿನಷ್ಟು ಅಂಟು ದ್ರವ ಬರುತ್ತಿದೆ, ಕೇಳುವುದು ಕಡಿಮೆಯಾಗುತ್ತಿದೆ. ಆಂಟಿಬಯೋಟಿಕ್ ಎಷ್ಟು ಕೊಟ್ಟರೂ ಜಗ್ಗುವುದಿಲ್ಲ. ಇದು ಇಯೋಸಿನೋಫಿಲಿಕ್ ಒಟೈಟಿಸ್. ಮೂಗಿನಲ್ಲಿ ನಡೆದ ಅದೇ ಊತ ನಳಿಕೆಯ ಆಚೆಗೂ ನಡೆದಿದೆ. ಇದಕ್ಕೆ ಬೇಕಾದ್ದು ಸ್ಟೀರಾಯ್ಡ್. ಕಿವಿಯನ್ನೂ ಮೂಗನ್ನೂ ಬೇರೆ ಬೇರೆ ದಿನ, ಬೇರೆ ಬೇರೆ ಕಡೆ ತೋರಿಸಿದರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಡಾಕ್ಟರ ಕಡೆಯ ಪರೀಕ್ಷೆ

ಮೂಗಿಗೆ ಎಂಡೋಸ್ಕೋಪಿ, ಕಿವಿಗೆ ಮೈಕ್ರೋಸ್ಕೋಪು. ಕೆಲವೇ ನಿಮಿಷದ ಕೆಲಸ. ಬರೀ ಟಾರ್ಚಿನಲ್ಲಿ ನೋಡಿ ಆಪರೇಷನ್ ದಿನ ಕೊಟ್ಟರೆ ಇನ್ನೊಬ್ಬರನ್ನು ಕೇಳಿ. ಸಿಟಿ ಸ್ಕ್ಯಾನ್ ಸಾಮಾನ್ಯವಾಗಿ ಔಷಧಿ ಕೊಟ್ಟು ನೋಡಿದ ಮೇಲೆ, ಆಪರೇಷನ್ ಬೇಕು ಅನ್ನಿಸಿದಾಗ. ಒಂದೇ ಕಡೆಯ ಗಂಟಿಗೆ, ನಾರುವ ಕಿವಿಗೆ ಮಾತ್ರ ಮೊದಲೇ ಬೇಕು. ಸೈನಸ್ ಸಿಟಿಗೆ ಲಂಡ್–ಮೆಕೇ ಅಂಕ ಹಾಕುತ್ತಾರೆ, 0ಯಿಂದ 24ರ ತನಕ. ಅಂಕ ಜಾಸ್ತಿ ಇದ್ದಷ್ಟು ಸೈನಸ್ಸುಗಳು ತುಂಬಿವೆ ಅಂತ ಅರ್ಥ, ತೊಂದರೆ ಅಷ್ಟೇ ಜಾಸ್ತಿ ಅಂತಲ್ಲ. ರಕ್ತದಲ್ಲಿ ಇಯೋಸಿನೋಫಿಲ್ ಎಣಿಕೆ ನೋಡಿದರೆ ಯಾವ ಬಗೆಯ ಊತ ಅನ್ನುವ ಸುಳಿವು ಸಿಗುತ್ತದೆ. ಕಿವಿಗಾದರೆ ಆಡಿಯೋಗ್ರಾಮ್ (ಎಷ್ಟು ಕೇಳಿಸುತ್ತದೆ ಅಂತ ಅಳೆಯುವ ಪರೀಕ್ಷೆ) ಇಲ್ಲದೆ ಯಾವ ಆಪರೇಷನ್ನಿಗೂ ಒಪ್ಪಬೇಡಿ.

ಸರಿಪಡಿಸುವುದು

ಎರಡೂ ಕಡೆಯ ಪಾಲಿಪ್ಪಿಗೆ ಮೊದಲ ಔಷಧಿ ಸ್ಟೀರಾಯ್ಡ್ ಸ್ಪ್ರೇ: ಮೊಮೆಟಾಸೋನ್, ಫ್ಲೂಟಿಕಾಸೋನ್ ಇಂಥವು. "ಹಾಕಿದೆ, ಏನೂ ಆಗಲಿಲ್ಲ" ಅನ್ನುವವರಿಗೆ ನನ್ನೆದುರಿಗೇ ಹಾಕಿ ತೋರಿಸಿ ಅನ್ನುತ್ತೇನೆ. ಹೆಚ್ಚಿನವರು ತಲೆ ಹಿಂದಕ್ಕೆ ಎತ್ತಿ, ನಡುಗೋಡೆಗೆ ಗುರಿಯಿಟ್ಟು ಹೊಡೆದು, ಜೋರಾಗಿ ಒಳಗೆ ಎಳೆದುಕೊಳ್ಳುತ್ತಾರೆ. ಔಷಧಿಯೆಲ್ಲ ಗಂಟಲಿಗೆ. ಸರಿಯಾದ ಕ್ರಮ: ಮೊದಲು ಮೂಗು ತೊಳೆಯಿರಿ. ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ತುದಿ ಆ ಕಡೆಯ ಕಣ್ಣಿನ ಹೊರಮೂಲೆಯತ್ತ ಇರಲಿ. ಹೊಡೆದ ಮೇಲೆ ಮೆಲ್ಲಗೆ ಉಸಿರಾಡಿ. ಕೆಲಸ ಮಾಡುತ್ತಿದೆಯಾ ಇಲ್ಲವಾ ಅಂತ ಹೇಳಲು ಕೆಲವು ವಾರ ಬೇಕು.

ತೊಳೆಯಲು: ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚ ಉಪ್ಪು. ನೀರು ಕುದಿಸಿ ಆರಿಸಿದ್ದೇ ಆಗಬೇಕು. ನಲ್ಲಿ ನೀರು, ಬಾವಿ ನೀರು ನೇರವಾಗಿ ಬೇಡ. ಕೇರಳದಲ್ಲಿ ಈಚೆಗೆ ಸುದ್ದಿಯಾದ ಮೆದುಳು ತಿನ್ನುವ ಅಮೀಬಾ ದೇಹ ಸೇರುವುದು ಮೂಗಿನ ದಾರಿಯಲ್ಲೇ. ಜಲನೇತಿ ಮಾಡುವವರಿಗೂ ಇದೇ ಮಾತು.

ಸ್ಟೀರಾಯ್ಡ್ ಮಾತ್ರೆಯ ಸಣ್ಣ ಕೋರ್ಸ್ ಕೊಟ್ಟರೆ ಕೆಲವೇ ದಿನದಲ್ಲಿ ವಾಸನೆ ಮರಳಬಹುದು. ಅದು ಚಿಕಿತ್ಸೆಯೂ ಹೌದು, ಪರೀಕ್ಷೆಯೂ ಹೌದು: ಬುಡದಲ್ಲಿರುವುದು ಊತ ಅಂತ ಖಚಿತವಾಗುತ್ತದೆ. ಕಾಫಿ ವಾಸನೆ ಬಂತು ಅಂತ ಖುಷಿಯಾಗಿ, ಹಳೆ ಚೀಟಿ ತೋರಿಸಿ ಅದೇ ಮಾತ್ರೆ ಮತ್ತೆ ಮತ್ತೆ ತರುವವರಿದ್ದಾರೆ. ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ, ಕಣ್ಣಿಗೆ ಪೊರೆ ಬರುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಎಂಡೋಸ್ಕೋಪಿಕ್ ಆಪರೇಷನ್. ಆಸ್ಟ್ರಿಯಾದ ಗ್ರಾತ್ಸ್‌ನಲ್ಲಿ ವಾಲ್ಟರ್ ಮೆಸ್ಸರ್‌ಕ್ಲಿಂಗರ್ ಸೈನಸ್ಸಿನ ಬಾಗಿಲುಗಳನ್ನು ವರ್ಷಗಟ್ಟಲೆ ನೋಡಿ ಹಾಕಿದ ತಳಪಾಯದ ಮೇಲೆ ಇದು 1980ರ ದಶಕದಲ್ಲಿ ಜಗತ್ತಿಗೆ ಹರಡಿತು. ಇದರ ಗುರಿ ಗಂಟು ಕೀಳುವುದಷ್ಟೇ ಅಲ್ಲ, ಸ್ಪ್ರೇ ಮತ್ತು ನೀರು ಒಳಗೆ ತಲುಪುವಂತೆ ಬಾಗಿಲು ತೆರೆಯುವುದು. ಆಮೇಲೂ ತೊಳೆಯುವುದು, ಸ್ಪ್ರೇ ಮುಂದುವರಿಯಬೇಕು. "ಆಪರೇಷನ್ ಆಯ್ತಲ್ಲ" ಅಂತ ನಿಲ್ಲಿಸಿದವರೇ ಬೇಗ ವಾಪಸ್ ಬರುವುದು. ಮತ್ತೆ ಮತ್ತೆ ಬರುವವರಿಗೆ ಈಗ ಚುಚ್ಚುಮದ್ದು ಇದೆ. ಇಂಟರ್‌ಲ್ಯೂಕಿನ್-4 ಮತ್ತು 13ರ ದಾರಿ ಕಟ್ಟುವ ಡುಪಿಲುಮ್ಯಾಬ್‌ಗೆ ಅಮೆರಿಕದಲ್ಲಿ ಮೂಗಿನ ಪಾಲಿಪ್ಪಿಗೆಂದು 2019ರಲ್ಲಿ ಒಪ್ಪಿಗೆ ಸಿಕ್ಕಿತು. ಬೆಲೆ ಮಾತ್ರ ಎಲ್ಲರ ಕೈಗೆಟುಕುವಂಥದ್ದಲ್ಲ.

ಕಿವಿಗೆ ಮೊದಲು ಒಣಗಿಸುವುದು: ಡಾಕ್ಟರು ಕೀವು ಹೀರಿ ತೆಗೆಯಬೇಕು, ಆಮೇಲೆ ಸಿಪ್ರೊಫ್ಲಾಕ್ಸಾಸಿನ್ ಹನಿ, ಬೇಕಿದ್ದರೆ ಸ್ಟೀರಾಯ್ಡ್ ಜೊತೆ. ಕೀವಿನ ಮೇಲೆ ಹನಿ ಹಾಕಿದರೆ ಔಷಧಿ ಒಳಗೆ ತಲುಪುವುದೇ ಇಲ್ಲ. ಸ್ನಾನದ ಹೊತ್ತಿಗೆ ವ್ಯಾಸಲೀನ್ ಹಚ್ಚಿದ ಹತ್ತಿ. ಈಜು ಸದ್ಯಕ್ಕಿಲ್ಲ. ಸೋಂಕು ಇಳಿದಾಗ ಸಣ್ಣ ಪಾಲಿಪ್ ತಾನಾಗಿ ಕುಗ್ಗಬಹುದು. ಕುಗ್ಗದಿದ್ದರೆ, ಅಥವಾ ಸ್ಕ್ಯಾನಿನಲ್ಲಿ ಮೂಳೆ ಸವೆದಿದ್ದರೆ ಮ್ಯಾಸ್ಟಾಯ್ಡ್ (ಕಿವಿಯ ಹಿಂದಿನ ಮೂಳೆ) ಆಪರೇಷನ್.

ಹೊತ್ತು ನೋಡದೆ ಹೊರಡಬೇಕಾದ ಸಂದರ್ಭಗಳು: ಕಣ್ಣು ಊದಿ ದೃಷ್ಟಿ ಮಂಜಾದರೆ, ಒಂದು ವಸ್ತು ಎರಡಾಗಿ ಕಂಡರೆ. ಸೋರುವ ಕಿವಿಯವರಿಗೆ ಬಾಯಿ ಸೊಟ್ಟಗಾದರೆ, ತಲೆ ಸುತ್ತಿ ನಿಲ್ಲಲಾಗದಿದ್ದರೆ, ಕಿವಿಯ ಹಿಂದೆ ಊದಿಕೊಂಡರೆ. ಜ್ವರದ ಜೊತೆ ತಲೆ ಸಿಡಿದು ಕುತ್ತಿಗೆ ಬಿಗಿದರೆ. ಬಾಗಿದಾಗ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕಿದರೆ ಅದು ಮೆದುಳಿನ ಸುತ್ತಲಿನ ದ್ರವ ಆಗಿರಬಹುದು, ಅದಕ್ಕೂ ತಡ ಮಾಡಬೇಡಿ.

ಮೂಗಿನದ್ದಾಗಲಿ ಕಿವಿಯದ್ದಾಗಲಿ, ತೆಗೆದ ಮಾಂಸ ಲ್ಯಾಬಿಗೆ ಹೋಗಲೇಬೇಕು. ಮೂಗಿನದ್ದಾದರೆ ಎಡದ್ದು ಬಲದ್ದು ಬೇರೆ ಬೇರೆ ಡಬ್ಬಿಯಲ್ಲಿ. ಆ ರಿಪೋರ್ಟು ಕೇಳಿ ಪಡೆಯಿರಿ, ಸಿಟಿ ಫಿಲ್ಮಿನ ಜೊತೆ ಎತ್ತಿಡಿ. ಮುಂದಿನ ಸಲ ಯಾವ ಡಾಕ್ಟರ ಹತ್ತಿರ ಹೋದರೂ ಅವರು ಮೊದಲು ಕೇಳುವುದು ಅದನ್ನೇ.